ತೈವಾನಿನ ನಾಲಿಗೆಯಲ್ಲಿ ಹೊಕ್ಕಿಯೆನ್



ಟೀ ಕುಡಿಯುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಬೆಂಗಳೂರಿನವರು ‘ಟೀ’ ಅಂತಾರೆ. ಧಾರವಾಡದ ಕಡೆ ‘ಚಹಾ’, ಮಂಗಳೂರಿನ ಕಡೆ ‘ಚಾ’. ಕುಡಿಯುವುದು ಒಂದೇ ಆದರೂ ಹೆಸರು ಯಾಕೆ ಬೇರೆ ಬೇರೆ?

ಇವೆಲ್ಲದರ ಮೂಲ ಚೀನಾದಲ್ಲಿದೆ. ಚೀನೀ ಲಿಪಿಯಲ್ಲಿ ಟೀಗೆ ಇರುವುದು ಒಂದೇ ಅಕ್ಷರ. ಅದನ್ನು ಓದುವ ರೀತಿ ಮಾತ್ರ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಚೀನಾದ ಬಹುಪಾಲು ಕಡೆ ಅದು ‘ಚಾ’. ಚಾಯ್, ಚಹಾ, ಚಾ ಎಲ್ಲ ಹುಟ್ಟಿದ್ದು ಈ ಓದಿನಿಂದ. ಆದರೆ ಫೂಜಿಯಾನ್ ಪ್ರಾಂತ್ಯದ ದಕ್ಷಿಣ ಕರಾವಳಿಯವರು ಅದೇ ಅಕ್ಷರವನ್ನು ‘ತೇ’ ಎಂದು ಓದುತ್ತಿದ್ದರು. 17ನೇ ಶತಮಾನದಲ್ಲಿ ಆ ಜನರ ಜೊತೆ ವ್ಯಾಪಾರ ಮಾಡಿದ ಡಚ್ಚರು ಈ ಪದವನ್ನು ಯುರೋಪಿಗೆ ಒಯ್ದರು. ಅಲ್ಲಿಂದ ಅದು ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಬಂತು. 

ಸಿಂಗಪುರದಲ್ಲಿ ಬೆಳೆದ ನಿಮಗೆ ಈ ‘ತೇ’ ಹೊಸದಲ್ಲ. ಕೋಪಿತಿಯಾಮ್‌ನಲ್ಲಿ ‘ತೇ’ ಅಂತಲೇ ಕೇಳುತ್ತೀರಿ. ಕೋಪಿತಿಯಾಮ್‌ನ ‘ತಿಯಾಮ್’ ಅಂದರೆ ಅಂಗಡಿ. ‘ಕೋಪಿ-ಓ’ ಎಂದಾಗ ಆ ‘ಓ’ ಅಂದರೆ ಕಪ್ಪು, ಅಂದರೆ ಹಾಲು ಹಾಕದ ಕಾಫಿ. ‘ಕಿಯಾಸು’, ‘ಪಾಯ್‌ಸೇ’ ಮುಂತಾದ ಮಾತುಗಳನ್ನು ನೀವು ಶಾಲೆಯ ಅಂಗಳದಲ್ಲೇ ಕಲಿತಿರುತ್ತೀರಿ. ಇವೆಲ್ಲ ಒಂದೇ ಭಾಷೆಯವು. ಅದರ ಹೆಸರು ಹೊಕ್ಕಿಯೆನ್.

ಇಂದು ನಾನು ಹೇಳಹೊರಟಿರುವುದು ಇದೇ ಹೊಕ್ಕಿಯೆನ್ ಸಮುದ್ರ ದಾಟಿ ತೈವಾನ್ ದ್ವೀಪಕ್ಕೆ ಹೋದ ಕಥೆ. ಅಲ್ಲಿ ಅದು ಊರಿಗೊಂದು ಧಾಟಿ ಪಡೆಯಿತು. ಆಮೇಲೆ ಶಾಲೆಯಿಂದ ಹೊರಗೆ ತಳ್ಳಿಸಿಕೊಂಡಿತು. ಹಾಗೆ ಹೊರಗೆ ಹೋದರೂ ತನ್ನನ್ನು ತಳ್ಳಿದ ಭಾಷೆಯ ಉಚ್ಚಾರದೊಳಗೇ ಹೋಗಿ ಕೂತಿತು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಎಂದು ಬೆಳೆದವರಿಗೆಲ್ಲ ಈ ಕಥೆಯಲ್ಲಿ ಏನೋ ಒಂದು ಪರಿಚಿತ ಅನ್ನಿಸುತ್ತದೆ.

ಎರಡು ಸೀಮೆ, ಒಂದು ದ್ವೀಪ

ಫೂಜಿಯಾನ್‌ನ ದಕ್ಷಿಣ ಭಾಗದಲ್ಲಿ ಎರಡು ಹಳೆಯ ಸೀಮೆಗಳಿವೆ: ಚುವಾನ್‌ಜೋ ಮತ್ತು ಜಾಂಗ್‌ಜೋ. ಎರಡರ ನಡುವೆ ಶ್ಯಾಮೆನ್ ಬಂದರು. ಎರಡೂ ಕಡೆಯವರು ಮಾತಾಡುವುದು ಹೊಕ್ಕಿಯೆನ್ನೇ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತದೆ, ಆದರೆ ಬಾಯಿ ತೆರೆದ ಕೂಡಲೇ ಯಾವ ಕಡೆಯವರು ಅಂತ ಗೊತ್ತಾಗಿಬಿಡುತ್ತದೆ. ನಮ್ಮಲ್ಲಿ ‘ಹೋಗ್ತೀನಿ’ ಅಂದವರು ಯಾವ ಕಡೆಯವರು, ‘ಹೋಗ್ತೇನೆ’ ಅಂದವರು ಯಾವ ಕಡೆಯವರು, ‘ಹೊಕ್ಕೀನ್ರಿ’ ಅಂದವರು ಯಾವ ಕಡೆಯವರು ಅಂತ ತಿಳಿಯುವ ಹಾಗೆ.

ತೈವಾನ್ ಈ ಕರಾವಳಿಗೆ ಎದುರಿಗೇ ಇದೆ, ನಡುವೆ ಒಂದು ಜಲಸಂಧಿ ಅಷ್ಟೇ. ಸಾವಿರಾರು ವರ್ಷಗಳಿಂದ ಆ ದ್ವೀಪದಲ್ಲಿ ಇದ್ದವರು ಅಲ್ಲಿನ ಮೂಲನಿವಾಸಿಗಳು. ಅವರ ಭಾಷೆಗಳು ಚೀನೀ ಕುಟುಂಬಕ್ಕೆ ಸೇರಿದವಲ್ಲ, ಮಲಯ್ ಭಾಷೆಗೆ ದೂರದ ನೆಂಟರು. 1624ರಲ್ಲಿ ಡಚ್ಚರು ಈಗಿನ ತೈನಾನ್ ನಗರದ ಬಳಿ ಕೋಟೆ ಕಟ್ಟಿ, ಕಬ್ಬು ಮತ್ತು ಭತ್ತ ಬೆಳೆಯಲು ಎದುರು ದಡದಿಂದ ರೈತರನ್ನು ಕರೆಸಿಕೊಂಡರು. 1662ರಲ್ಲಿ ಡಚ್ಚರನ್ನು ಹೊರಹಾಕಿದ ಝೆಂಗ್ ಚೆಂಗ್‌ಗಾಂಗ್‌ನ ಕಾಲದಲ್ಲಿ ಇನ್ನಷ್ಟು ಜನ ಬಂದರು. 1680ರ ದಶಕದಲ್ಲಿ ದ್ವೀಪ ಚಿಂಗ್ ಸಾಮ್ರಾಜ್ಯದ ಕೈ ಸೇರಿತು. ಮುಂದಿನ ಇನ್ನೂರು ವರ್ಷ, ಕೆಲವೊಮ್ಮೆ ಅನುಮತಿ ಪಡೆದು, ಬಹಳ ಸಲ ಕದ್ದುಮುಚ್ಚಿ, ಜನ ದಾಟಿ ಬರುತ್ತಲೇ ಇದ್ದರು. ಅವರಲ್ಲಿ ಹೆಚ್ಚಿನವರು ಚುವಾನ್‌ಜೋ ಮತ್ತು ಜಾಂಗ್‌ಜೋ ಸೀಮೆಯವರು. ಹಕ್ಕಾ ಭಾಷೆಯವರೂ ಬಂದರು.

ಹೊಸ ನಾಡಿನಲ್ಲಿ ಊರಿನವರು ಊರಿನವರ ಪಕ್ಕದಲ್ಲೇ ಮನೆ ಮಾಡಿದರು. ಬಂದರು ವ್ಯಾಪಾರದ ಚುವಾನ್‌ಜೋದವರು ಹೆಚ್ಚಾಗಿ ಕರಾವಳಿಯಲ್ಲಿ ನಿಂತರು. ಬೇಸಾಯದ ಜಾಂಗ್‌ಜೋದವರು ಒಳನಾಡಿನ ಬಯಲುಗಳಲ್ಲಿ ನೆಲೆಸಿದರು. ಪಶ್ಚಿಮ ಕರಾವಳಿಯ ಲುಗಾಂಗ್ ಬಂದರಿಗೆ 1784ರಲ್ಲಿ ಚುವಾನ್‌ಜೋ ಕಡೆಯ ಬಂದರಿನ ಜೊತೆ ನೇರ ವ್ಯಾಪಾರಕ್ಕೆ ಅನುಮತಿ ಸಿಕ್ಕಿತು, ಹಾಗಾಗಿ ಅದು ಚುವಾನ್‌ಜೋ ಮಾತಿನ ಊರಾಯಿತು. ಈಶಾನ್ಯ ಮೂಲೆಯ ಈಲಾನ್ ಬಯಲಿಗೆ 1796ರಲ್ಲಿ ವೂ ಶಾ ಎಂಬ ಮುಖಂಡ ಜನರನ್ನು ಕರೆತಂದ. ಅವರಲ್ಲಿ ಬಹುಪಾಲು ಜಾಂಗ್‌ಜೋ ಮೂಲದವರು. ಸುತ್ತಲೂ ಬೆಟ್ಟ ಇರುವುದರಿಂದ ಆ ಮಾತು ಅಲ್ಲಿ ಬೆರೆಯದೆ ಉಳಿಯಿತು.

ನೆಲ, ನೀರು, ಬಂದರಿನ ಹಕ್ಕುಗಳಿಗಾಗಿ ಈ ಗುಂಪುಗಳ ನಡುವೆ ರಕ್ತಪಾತವೂ ಆಗಿದೆ. ಈಗಿನ ತೈಪೆ ನಗರದ ಬಾಂಗ್ಕಾ ಪ್ರದೇಶದಲ್ಲಿ 1853ರಲ್ಲಿ ನಡೆದ ಹೊಡೆದಾಟದಲ್ಲಿ ಎರಡೂ ಕಡೆಯವರು ಚುವಾನ್‌ಜೋ ಸೀಮೆಯವರೇ, ತಾಲೂಕು ಮಾತ್ರ ಬೇರೆ. ಸೋತ ತೊಂಗಾನ್ ಕಡೆಯವರು ನದಿಯ ಉದ್ದಕ್ಕೆ ಸ್ವಲ್ಪ ಕೆಳಗೆ ಹೋಗಿ ದಾದಾವ್‌ಚೆಂಗ್ ಎಂಬ ಪೇಟೆ ಕಟ್ಟಿದರು. ಮುಂದೆ ಅದು ಟೀ ವ್ಯಾಪಾರದ ದೊಡ್ಡ ಪೇಟೆಯಾಯಿತು. 1869ರಲ್ಲಿ ತೈವಾನಿನ ಟೀ ‘ಫಾರ್ಮೋಸಾ ಟೀ’ ಎಂಬ ಹೆಸರಿನಲ್ಲಿ ಹಡಗೇರಿ ನ್ಯೂಯಾರ್ಕಿಗೆ ಹೋಯಿತು. ಇಂದಿಗೂ ತೈಪೆಯ ಹಳೆಯ ಬಡಾವಣೆಗಳ ಅಜ್ಜ-ಅಜ್ಜಿಯರ ಮಾತಿನಲ್ಲಿ ಆ ತಾಲೂಕುಗಳ ವ್ಯತ್ಯಾಸ ಕೇಳಿಸುತ್ತದೆ.

ಕೋಳಿ, ಮೀನು, ಅನ್ನ

ವ್ಯತ್ಯಾಸ ಅಂದರೆ ಎಷ್ಟು? ಮಾರುಕಟ್ಟೆಗೆ ಹೋಗೋಣ. ಕೋಳಿಗೆ ಜಾಂಗ್‌ಜೋ ಧಾಟಿಯವರು ‘ಕೇ’ ಅಂತಾರೆ, ಚುವಾನ್‌ಜೋ ಧಾಟಿಯವರು ‘ಕ್ವೇ’. ಮೀನಿಗೆ ಜಾಂಗ್‌ಜೋದವರು ‘ಹೀ’, ತೊಂಗಾನ್ ಕಡೆಯವರು ‘ಹೂ’. ಲುಗಾಂಗ್‌ನ ಹಿರಿಯರು ‘ಹೀ’ ಅಲ್ಲ, ‘ಹೂ’ ಅಲ್ಲ, ಎರಡರ ಮಧ್ಯದ ಒಂದು ಸ್ವರ ಹೇಳುತ್ತಾರೆ. ತುಟಿಯನ್ನು ದುಂಡಗೆ ಮಾಡದೆ ‘ಉ’ ಹೇಳಲು ಪ್ರಯತ್ನಿಸಿ, ಅದರ ಹತ್ತಿರ ಬರುತ್ತೀರಿ. ನಿಮ್ಮ ಮನೆಯಲ್ಲಿ ತುಳು ಮಾತಾಡುವವರಿದ್ದರೆ ಪದದ ಕೊನೆಯಲ್ಲಿ ಬರುವ ಅರ್ಧ ಉಕಾರವನ್ನು ಹೇಳಿಸಿ ಕೇಳಿ. ಕೊಡವ ತಕ್ಕ್‌ನಲ್ಲೂ ಇಂಥ ಸ್ವರಗಳಿವೆ. 

ಅನ್ನಕ್ಕೆ ತೈವಾನಿನ ಹೆಚ್ಚಿನ ಕಡೆ ‘ಪ್’ ಹೇಳಿ ನೇರ ಮೂಗಿಗೆ ಹೋಗುತ್ತಾರೆ. ‘ಪ್ಙ್’ ಎಂದು ಬರೆಯಬಹುದೇನೋ, ನಡುವೆ ಸ್ವರವೇ ಇಲ್ಲ. ಈಲಾನ್‌ನವರು ಮಾತ್ರ ‘ಪುಯಿಂ’ ಅಂತಾರೆ. ಮೊಟ್ಟೆಗೆ ಉಳಿದವರು ‘ನ್ಙ್’ ಅಂದರೆ ಈಲಾನ್‌ನವರು ‘ನುಯಿ’. ಹಾಗಾಗಿ ಈಲಾನ್‌ನವರನ್ನು ಉಳಿದವರು ಕಿಚಾಯಿಸುವುದು ‘ಅನ್ನದ ಜೊತೆ ಮಸಾಲೆಯಲ್ಲಿ ಬೆಂದ ಮೊಟ್ಟೆ ತಿಂದೆ’ ಎಂಬ ಮಾತನ್ನು ಅವರ ಧಾಟಿಯಲ್ಲಿ ಹೇಳಿ. ಸಾಲಿನ ತುಂಬ ‘ಉಯಿ, ಉಯಿ’ ಅಂತ ಕೇಳಿಸುತ್ತದೆ.

ಇದನ್ನು ಪರೀಕ್ಷಿಸಲು ತೈವಾನಿಗೇ ಹೋಗಬೇಕಿಲ್ಲ. ಸಿಂಗಪುರದಲ್ಲಿ ಊಟ ಮಾಡುವುದಕ್ಕೆ ‘ಚಿಯಾಕ್ ಪ್ಙ್’ ಅನ್ನುತ್ತಾರೆ. ಪೆನಾಂಗ್‌ಗೆ ಹೋದಾಗ ಗಮನವಿಟ್ಟು ಕೇಳಿ, ಅಲ್ಲಿ ‘ಚಿಯಾಕ್ ಪುಯಿಂ’. ಪೆನಾಂಗ್‌ನ ಹೊಕ್ಕಿಯೆನ್ ಜಾಂಗ್‌ಜೋ ಕಡೆಯದು, ಅದಕ್ಕೇ ಅದು ಸಾವಿರಾರು ಕಿಲೋಮೀಟರ್ ದೂರದ ಈಲಾನ್‌ಗೆ ಹೊಂದುತ್ತದೆ. ಇನ್ನೂರು ವರ್ಷ ಹಿಂದೆ ಯಾವ ಬಂದರಿನಿಂದ ಹಡಗು ಹತ್ತಿದರು ಎಂಬುದು ಒಂದು ತುತ್ತು ಅನ್ನದ ಹೆಸರಿನಲ್ಲಿ ಇನ್ನೂ ಇದೆ.

ತೈವಾನಿನಲ್ಲಿ ಎಲ್ಲರೂ ಬೆರೆತು ಬಾಳಿದ್ದರಿಂದ ಇಂದು ಹೆಚ್ಚಿನ ಊರುಗಳಲ್ಲಿ ಕೇಳುವುದು ಎರಡೂ ಸೇರಿದ ಮಿಶ್ರಣ. ಒಂದೇ ಬಾಯಲ್ಲಿ ಒಂದು ಪದ ಜಾಂಗ್‌ಜೋದ್ದು, ಇನ್ನೊಂದು ಚುವಾನ್‌ಜೋದ್ದು. ಮಿಶ್ರಣದಲ್ಲೂ ಹೊಸ ಗುರುತುಗಳು ಹುಟ್ಟಿವೆ. ರಾತ್ರಿ ಸಂತೆಯ ಪ್ರಸಿದ್ಧ ತಿಂಡಿ ಸಿಂಪಿ ಆಮ್ಲೆಟ್‌ನಲ್ಲಿ ಸಿಂಪಿಗೆ ಉತ್ತರದವರು ‘ಓ’ ಅಂದರೆ, ತೈನಾನ್ ಮತ್ತು ಕಾವ್‌ಶ್ಯುಂಗ್ ಕಡೆಯವರ ‘ಓ’ದಲ್ಲಿ ತುಟಿ ದುಂಡಗಾಗುವುದೇ ಇಲ್ಲ, ‘ಅ’ಕಾರಕ್ಕೆ ಹತ್ತಿರವಾಗುತ್ತದೆ. 

ತೈವಾನಿನ ಶಿಕ್ಷಣ ಸಚಿವಾಲಯದ ಹೊಕ್ಕಿಯೆನ್ ನಿಘಂಟು ಈ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ಲುಗಾಂಗ್, ಈಲಾನ್, ತೈಪೆ, ತೈನಾನ್, ಕಾವ್‌ಶ್ಯುಂಗ್ ಸೇರಿ ಹತ್ತು ಊರುಗಳ ಉಚ್ಚಾರವನ್ನು ಪಕ್ಕಪಕ್ಕದಲ್ಲಿ ಕೊಟ್ಟಿದೆ. ಯಾವುದನ್ನೂ ತಪ್ಪು ಎಂದಿಲ್ಲ.

ಶಾಲೆಗೆ ಬಂದ ಇನ್ನೊಂದು ಭಾಷೆ

1895ರಲ್ಲಿ ತೈವಾನ್ ಜಪಾನಿನ ವಸಾಹತಾಯಿತು. ಐವತ್ತು ವರ್ಷದ ಆ ಆಳ್ವಿಕೆಯಲ್ಲಿ ಶಾಲೆಯ ಭಾಷೆ ಜಪಾನೀ, ಮನೆಯ ಭಾಷೆ ಹೊಕ್ಕಿಯೆನ್. ಮಧ್ಯವಯಸ್ಸಿನ ಹೆಂಗಸಿಗೆ ‘ಓಬಾಸಾನ್’ ಎನ್ನುವಂಥ ಮಾತುಗಳು ಆಗ ಸೇರಿಕೊಂಡವು.

ದೊಡ್ಡ ತಿರುವು ಬಂದದ್ದು 1945ರ ನಂತರ. ಜಪಾನ್ ಸೋತು ಹೋಯಿತು. ಚೀನಾದ ಅಂತರ್ಯುದ್ಧದಲ್ಲಿ ಸೋತ ಚಿಯಾಂಗ್ ಕೈ-ಶೆಕ್ ಸರ್ಕಾರ 1949ರಲ್ಲಿ ತೈವಾನಿಗೆ ಬಂತು. ಸುಮಾರು 60 ಲಕ್ಷ ಜನರಿದ್ದ ದ್ವೀಪಕ್ಕೆ ಆ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದು ಸೇರಿದರು. ಸರ್ಕಾರ ಮ್ಯಾಂಡರಿನ್ ಅನ್ನು ರಾಷ್ಟ್ರಭಾಷೆ ಎಂದಿತು, ಹೊಕ್ಕಿಯೆನ್ ಅನ್ನು ‘ಪ್ರಾದೇಶಿಕ ನುಡಿ’ ಎಂದಿತು. ಹೆಸರು ಕೇಳಿ ಇವು ಒಂದೇ ಭಾಷೆಯ ಎರಡು ಧಾಟಿ ಅಂದುಕೊಳ್ಳಬೇಡಿ. ಬೀಜಿಂಗ್‌ನವರ ಎದುರು ಹೊಕ್ಕಿಯೆನ್ ಮಾತಾಡಿದರೆ ಅವರಿಗೆ ತಲೆಬುಡ ತಿಳಿಯುವುದಿಲ್ಲ. 

ಶಾಲೆಯಲ್ಲಿ ಹೊಕ್ಕಿಯೆನ್ ಮಾತಾಡಿದ ಮಕ್ಕಳಿಗೆ ದಂಡ ಬೀಳುತ್ತಿತ್ತು. ಕೆಲವು ಶಾಲೆಗಳಲ್ಲಿ ‘ನಾನು ಇನ್ನು ಮೇಲೆ ಪ್ರಾದೇಶಿಕ ನುಡಿ ಆಡುವುದಿಲ್ಲ’ ಎಂಬ ಫಲಕವನ್ನು ಕೊರಳಿಗೆ ನೇತುಹಾಕುತ್ತಿದ್ದರು. ಅದನ್ನು ಕಳಚಬೇಕಾದರೆ ಹೊಕ್ಕಿಯೆನ್ ಮಾತಾಡುವ ಇನ್ನೊಬ್ಬ ಹುಡುಗನನ್ನು ಹಿಡಿದುಕೊಡಬೇಕು. 1976ರ ಪ್ರಸಾರ ಕಾಯ್ದೆ ರೇಡಿಯೋ, ಟೀವಿಯಲ್ಲಿ ಪ್ರಾದೇಶಿಕ ನುಡಿಗಳನ್ನು ವರ್ಷದಿಂದ ವರ್ಷಕ್ಕೆ ಕಡಿಮೆ ಮಾಡಬೇಕೆಂದಿತು. ಮಾರ್ಷಲ್ ಕಾನೂನು ಕೊನೆಗೊಂಡದ್ದು 1987ರಲ್ಲಿ, ಪ್ರಸಾರದ ಆ ಕಟ್ಟುಪಾಡು ಹೋದದ್ದು 1993ರಲ್ಲಿ.

ಸಿಂಗಪುರದ ಗೆಳೆಯರಿಗೆ ಇದರ ಮೆದುವಾದ ರೂಪ ಗೊತ್ತಿರುತ್ತದೆ. 1979ರಲ್ಲಿ ಇಲ್ಲಿ ‘ಮ್ಯಾಂಡರಿನ್ ಮಾತಾಡಿ’ ಅಭಿಯಾನ ಶುರುವಾಯಿತು. ನಂತರದ ಕೆಲವೇ ವರ್ಷಗಳಲ್ಲಿ ಹೊಕ್ಕಿಯೆನ್ ಕಾರ್ಯಕ್ರಮಗಳು ರೇಡಿಯೋ, ಟೀವಿಯಿಂದ ಮಾಯವಾದವು. ನಿಮ್ಮ ಚೀನೀ ಸ್ನೇಹಿತರಲ್ಲಿ ಎಷ್ಟು ಜನ ತಮ್ಮ ಅಜ್ಜಿಯ ಜೊತೆ ಅಜ್ಜಿಯ ಭಾಷೆಯಲ್ಲಿ ಮಾತಾಡಬಲ್ಲರು ಅಂತ ಕೇಳಿ ನೋಡಿ.

ಹೊಸ ಭಾಷೆಗೆ ಹಳೆಯ ನಾಲಿಗೆ

ಹೀಗೆ ತೈವಾನಿನ ಒಂದಿಡೀ ತಲೆಮಾರು ಮ್ಯಾಂಡರಿನ್ ಅನ್ನು ಎರಡನೇ ಭಾಷೆಯಾಗಿ ಕಲಿಯಿತು. ಎರಡನೇ ಭಾಷೆ ಕಲಿಯುವಾಗ ನಾಲಿಗೆ ಏನು ಮಾಡುತ್ತದೆ? ತನ್ನ ಹತ್ತಿರ ಇಲ್ಲದ ಧ್ವನಿ ಬಂದಾಗ ಇರುವುದರಲ್ಲೇ ಹತ್ತಿರದ್ದನ್ನು ಹುಡುಕಿ ಕೊಡುತ್ತದೆ. ನಮ್ಮ ಅಜ್ಜಿಯರು ‘ಪೋನು’, ‘ಕಾಪಿ’, ‘ಆಪೀಸು’ ಅನ್ನುವುದು ಹೀಗೇ. ಕನ್ನಡದ ಮೂಲ ಧ್ವನಿಗಳಲ್ಲಿ ‘ಫೋನ್’ ಪದದ ಮೊದಲ ಧ್ವನಿ ಇಲ್ಲ, ಅದಕ್ಕೆ ಹತ್ತಿರದ್ದು ‘ಪ’.

ಹೊಕ್ಕಿಯೆನ್‌ನಲ್ಲೂ ಆ ಧ್ವನಿ ಇಲ್ಲ. ಆದರೆ ಅವರು ಹತ್ತಿರದ್ದು ಎಂದು ಆರಿಸಿಕೊಂಡದ್ದು ‘ಹ’. ವಿಮಾನಕ್ಕೆ ಮ್ಯಾಂಡರಿನ್‌ನಲ್ಲಿ ‘ಫೇಜೀ’, ಹಳ್ಳಿಯ ಹಿರಿಯರ ಬಾಯಲ್ಲಿ ಅದು ‘ಹುಯಿಜೀ’. ಇದಕ್ಕೆ ಅತ್ಯುತ್ತಮ ಉದಾಹರಣೆ ‘ಹೊಕ್ಕಿಯೆನ್’ ಎಂಬ ಹೆಸರೇ. ಮ್ಯಾಂಡರಿನ್‌ನಲ್ಲಿ ‘ಫೂಜಿಯಾನ್’ ಎಂದು ಓದುವ ಎರಡು ಅಕ್ಷರಗಳನ್ನು ಅಲ್ಲಿನವರು ತಮ್ಮ ಭಾಷೆಯಲ್ಲಿ ಓದುವುದೇ ‘ಹೊಕ್ಕಿಯೆನ್’.

ಇಲ್ಲೊಂದು ಸ್ವಾರಸ್ಯವಿದೆ. ಬಹಳ ಹಿಂದಿನ ಚೀನೀ ಭಾಷೆಯಲ್ಲಿ ಈ ‘ಫ’ ಇರಲೇ ಇಲ್ಲ, ಅಲ್ಲಿ ಇದ್ದದ್ದು ‘ಪ’ಕಾರ. ಮ್ಯಾಂಡರಿನ್ ದಾರಿಯಲ್ಲಿ ಅದು ‘ಫ’ ಆಯಿತು. ಹೊಕ್ಕಿಯೆನ್ ತನ್ನ ದಿನಬಳಕೆಯ ಮಾತುಗಳಲ್ಲಿ ಹಳೆಯ ‘ಪ’ವನ್ನೇ ಉಳಿಸಿಕೊಂಡಿತು. ಅನ್ನ ಮ್ಯಾಂಡರಿನ್‌ನಲ್ಲಿ ‘ಫಾನ್’, ಹೊಕ್ಕಿಯೆನ್‌ನಲ್ಲಿ ‘ಪ್ಙ್’ ಅಥವಾ ‘ಪುಯಿಂ’. ಹಾರುವುದು ಅಲ್ಲಿ ‘ಫೇ’, ಇಲ್ಲಿ ‘ಪ್ವೇ’. ಶಾಲೆಯಲ್ಲಿ ತಮಿಳು ಕಲಿತವರಿಗೆ ಇಂಥದ್ದು ಗೊತ್ತೇ ಇದೆ: ತಮಿಳಿನ ಪಾಲ್, ಪೂ, ಪುಲಿ ನಮ್ಮಲ್ಲಿ ಹಾಲು, ಹೂ, ಹುಲಿ. ಹಳಗನ್ನಡದಲ್ಲಿ ನಮ್ಮದೂ ‘ಪ’ವೇ ಆಗಿತ್ತು. ಅಂದರೆ ‘ಫ’ ಹೇಳಲು ಬಾರದವರು ಎಂದು ನಗೆಗೀಡಾದವರು ಭಾಷೆಯ ಹಳೆಯ ಪದರವೊಂದನ್ನು ಮನೆಯಲ್ಲಿ ಕಾಪಾಡಿಕೊಂಡು ಬಂದವರು.

ಎರಡನೆಯ ಗುರುತು ‘ಷ’ದ್ದು. ಬೀಜಿಂಗ್ ಮ್ಯಾಂಡರಿನ್‌ನಲ್ಲಿ ನಾಲಿಗೆಯನ್ನು ಮೇಲಕ್ಕೆ ಹಿಂದಕ್ಕೆ ಎತ್ತಿ ಹೇಳುವ ಧ್ವನಿಗಳಿವೆ, ನಮ್ಮ ‘ಷ’ ಇದ್ದ ಹಾಗೆ. ಹೊಕ್ಕಿಯೆನ್‌ನಲ್ಲಿ ಅವಿಲ್ಲ. ಹಾಗಾಗಿ ತೈವಾನಿನ ಮ್ಯಾಂಡರಿನ್‌ನಲ್ಲಿ ಅವು ‘ಸ’ಕಾರದ ಕಡೆಗೆ ಜಾರುತ್ತವೆ. ಮ್ಯಾಂಡರಿನ್‌ನಲ್ಲಿ ಹತ್ತಕ್ಕೂ ನಾಲ್ಕಕ್ಕೂ ಇರುವ ಒಂದು ಮುಖ್ಯ ವ್ಯತ್ಯಾಸವೇ ಈ ‘ಷ’ ಮತ್ತು ‘ಸ’. ತೈವಾನಿನಲ್ಲಿ ಅನೇಕರು ಎರಡನ್ನೂ ‘ಸ’ದಿಂದಲೇ ಹೇಳುತ್ತಾರೆ. ಹಾಗಾದರೆ ಅಂಗಡಿಯಲ್ಲಿ ಲೆಕ್ಕ ತಪ್ಪುವುದಿಲ್ಲವೇ? ಇಲ್ಲ, ಸ್ವರದ ಏರಿಳಿತ ಅವರನ್ನು ಕಾಪಾಡುತ್ತದೆ. ಹತ್ತು ಏರುದನಿ, ನಾಲ್ಕು ಇಳಿದನಿ. ನಾವೂ ಬರೆಯುವಾಗ ಶ, ಷ ಎಂದು ಎರಡು ಅಕ್ಷರ ಬರೆದರೂ ಮಾತಿನಲ್ಲಿ ಬೇರೆ ಬೇರೆ ಮಾಡಿ ಹೇಳುವವರು ಕಡಿಮೆ. ಸಂಸಾರ ನಡೆಯುತ್ತಿದೆ.

ಇನ್ನೂ ಇವೆ. ಮ್ಯಾಂಡರಿನ್‌ನ ‘ರ’ಕ್ಕೆ ಹೊಕ್ಕಿಯೆನ್‌ನಲ್ಲಿ ಜೋಡಿ ಇಲ್ಲ, ಹಿರಿಯರ ಬಾಯಲ್ಲಿ ಅದು ‘ಲ’ ಆಗಿಬಿಡುತ್ತದೆ. ತುಟಿ ದುಂಡಗೆ ಮಾಡಿ ಹೇಳುವ ಒಂದು ‘ಇ’ಕಾರವೂ ಇಲ್ಲ, ಅದರ ಜಾಗದಲ್ಲಿ ಸಾದಾ ‘ಇ’ ಬರುತ್ತದೆ. ಬೀಜಿಂಗ್‌ನವರು ಕೆಲವು ಪದಗಳ ಕೊನೆಯ ಅಕ್ಷರವನ್ನು ನುಂಗಿ ಹಗುರಾಗಿ ಹೇಳುತ್ತಾರೆ, ತೈವಾನಿನವರು ಪ್ರತಿ ಅಕ್ಷರಕ್ಕೂ ಪೂರ್ತಿ ತೂಕ ಕೊಡುತ್ತಾರೆ. ತೈವಾನ್ ಮಾತು ಮೃದು, ಸಮ ಹೆಜ್ಜೆಯದು ಎಂದು ಕೇಳುಗರಿಗೆ ಅನ್ನಿಸುವುದು ಇಂಥ ಕಾರಣಗಳಿಂದ.

ಧ್ವನಿ ಮಾತ್ರವಲ್ಲ, ವಾಕ್ಯವೂ ಬದಲಾಯಿತು. ‘ಊಟ ಆಯ್ತಾ?’ ಎಂದು ಕೇಳಲು ಹೊಕ್ಕಿಯೆನ್‌ನಲ್ಲಿ ಕ್ರಿಯಾಪದದ ಮುಂದೆ ‘ಊ’ ಎಂಬ ಪದ ಬರುತ್ತದೆ. ‘ಊ’ ಅಂದರೆ ‘ಇದೆ’. ತೈವಾನಿನವರು ಮ್ಯಾಂಡರಿನ್ ಮಾತಾಡುವಾಗಲೂ ಅದೇ ಜಾಗದಲ್ಲಿ ‘ಇದೆ’ ಎಂಬರ್ಥದ ಮ್ಯಾಂಡರಿನ್ ಪದ ಹಾಕುತ್ತಾರೆ. ಬೀಜಿಂಗ್‌ನ ವ್ಯಾಕರಣ ಪುಸ್ತಕದಲ್ಲಿ ಅದು ತಪ್ಪು, ತೈವಾನಿನಲ್ಲಿ ಅದು ದಿನದ ಮಾತು. ವಾಕ್ಯದ ಕೊನೆಗೆ ಬರುವ ‘ಲಾ’, ‘ಹೋಂ’ ಮುಂತಾದ ಬಾಲಗಳೂ ಹಾಗೇ. ನಮ್ಮ ‘ಕಣೋ’, ‘ಅಲ್ವಾ’ ಇದ್ದಂತೆ ಅವು ಸಲಿಗೆಯನ್ನು ತರುತ್ತವೆ. ಸಂಕೋಚವಾದಾಗ ಹೇಳುವ ‘ಪಾಯ್‌ಸೇ’ ಅಂತೂ ಸಿಂಗಪುರದಲ್ಲೂ ತೈವಾನಿನಲ್ಲೂ ಒಂದೇ.

ಎಲ್ಲವೂ ಹೊಕ್ಕಿಯೆನ್ನಿಂದಲೇ?

ಇಲ್ಲಿ ಸ್ವಲ್ಪ ನಿಲ್ಲಬೇಕು. ತೈವಾನ್ ಉಚ್ಚಾರದ ಎಲ್ಲ ಗುಣಗಳನ್ನೂ ಹೊಕ್ಕಿಯೆನ್ ಲೆಕ್ಕಕ್ಕೆ ಬರೆದರೆ ಅದು ಅರ್ಧ ಸತ್ಯ. 1949ರ ಸುಮಾರಿಗೆ ಬಂದವರೆಲ್ಲ ಬೀಜಿಂಗ್‌ನವರಾಗಿರಲಿಲ್ಲ. ಜೆಜಿಯಾಂಗ್, ಜಿಯಾಂಗ್ಸು, ಹುನಾನ್, ಸಿಚುವಾನ್, ಹೀಗೆ ಹತ್ತಾರು ಪ್ರಾಂತ್ಯಗಳವರು ಇದ್ದರು. ಅವರಲ್ಲೂ ಅನೇಕರ ನಾಲಿಗೆಗೆ ಬೀಜಿಂಗ್‌ನ ‘ಷ’ ಹೊರಳುತ್ತಿರಲಿಲ್ಲ. ಚಿಯಾಂಗ್ ಕೈ-ಶೆಕ್ ಅವರದೇ ಮ್ಯಾಂಡರಿನ್ ತಮ್ಮ ಹುಟ್ಟೂರು ಜೆಜಿಯಾಂಗ್ ಕಡೆಯ ಗಾಢ ಛಾಯೆಯದು. ಹೊಕ್ಕಿಯೆನ್ ಮಕ್ಕಳಿಗೆ ಮ್ಯಾಂಡರಿನ್ ಕಲಿಸಿದ ಮೇಷ್ಟ್ರುಗಳಲ್ಲಿ ಎಷ್ಟೋ ಜನರಿಗೆ ಅದು ತಾವೂ ಕಲಿತ ಭಾಷೆ. 

ಹಾಗಾಗಿ ತೈವಾನಿನ ಮ್ಯಾಂಡರಿನ್ ಹಲವು ಊರುಗಳ ನಾಲಿಗೆ ಸೇರಿ ಕಟ್ಟಿದ್ದು. ಅದರಲ್ಲಿ ದೊಡ್ಡ ಪಾಲು ಹೊಕ್ಕಿಯೆನ್‌ನದು, ಯಾಕೆಂದರೆ ದ್ವೀಪದ ಜನರಲ್ಲಿ ಸುಮಾರು ಶೇ. 70ರಷ್ಟು ಹೊಕ್ಕಿಯೆನ್ ಮೂಲದವರು. 

ಇನ್ನೊಂದು ವಿಷಯ. ‘ತೈವಾನ್ ಉಚ್ಚಾರ’ ಎಂದರೆ ಒಂದೇ ಅಲ್ಲ. ‘ಹುಯಿಜೀ’ ಎನ್ನುವ ಗಾಢ ಧಾಟಿಯನ್ನು ಒಂದು ಕಾಲದಲ್ಲಿ ಟೀವಿಯಲ್ಲಿ ಹಳ್ಳಿಗುಗ್ಗುಗಳ ಪಾತ್ರಗಳಿಗೆ ಮೀಸಲಿಟ್ಟು ನಗಿಸುತ್ತಿದ್ದರು. ಸುದ್ದಿ ಓದುವವರದು ಬೇರೆ ಧಾಟಿ. ಇವೆರಡರ ನಡುವೆ ಇಂದಿನ ಯುವಕರ ಮಾತಿದೆ. ಅವರಿಗೆ ‘ಫ’ ಸಲೀಸು, ‘ಷ’ ಅರೆಬರೆ, ‘ಲಾ’ ಧಾರಾಳ. ಇವರಲ್ಲಿ ಬಹಳ ಜನರಿಗೆ ಮ್ಯಾಂಡರಿನ್ನೇ ಮೊದಲ ಭಾಷೆ. ಅಜ್ಜ ಹೊಕ್ಕಿಯೆನ್ನಿಂದ ತಂದ ಧಾಟಿಯನ್ನು ಮೊಮ್ಮಗಳು ಮ್ಯಾಂಡರಿನ್‌ನ ಭಾಗವಾಗಿಯೇ ಕಲಿತಳು. ಅಜ್ಜನಿಗೆ ಅದು ಎರಡನೇ ಭಾಷೆಯ ತೊಡಕು, ಮೊಮ್ಮಗಳಿಗೆ ಅದು ತಾಯ್ನುಡಿ.

ಉಚ್ಚಾರ ಉಳಿಯಿತು, ಭಾಷೆ?

ಇಷ್ಟು ಕೇಳಿದರೆ ಹೊಕ್ಕಿಯೆನ್ ಗೆದ್ದಿತು ಅನ್ನಿಸಬಹುದು. ಲೆಕ್ಕ ನೋಡಿದರೆ ಹಾಗಿಲ್ಲ. 2020ರ ಜನಗಣತಿಯಲ್ಲಿ ‘ನೀವು ಮುಖ್ಯವಾಗಿ ಬಳಸುವ ಭಾಷೆ ಯಾವುದು’ ಎಂದು ಕೇಳಿದಾಗ ಸುಮಾರು ಮೂರನೇ ಎರಡು ಭಾಗ ಜನ ಮ್ಯಾಂಡರಿನ್ ಎಂದರು, ಸುಮಾರು ಶೇ. 32 ಜನ ಹೊಕ್ಕಿಯೆನ್ ಎಂದರು. ವಯಸ್ಸಿನ ಪ್ರಕಾರ ನೋಡಿದರೆ ವ್ಯತ್ಯಾಸ ಎದೆಗೆ ತಟ್ಟುತ್ತದೆ. 65 ದಾಟಿದವರಲ್ಲಿ ಮೂವರಲ್ಲಿ ಇಬ್ಬರ ಮುಖ್ಯ ಭಾಷೆ ಹೊಕ್ಕಿಯೆನ್. 6ರಿಂದ 14 ವರ್ಷದ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರೂ ಇಲ್ಲ.

ಲುಗಾಂಗ್‌ನ ಆ ಮಧ್ಯದ ಸ್ವರವೂ ಕಿರಿಯರ ಬಾಯಲ್ಲಿ ಕಡಿಮೆಯಾಗುತ್ತಿದೆ. ಈಗ ಪ್ರಭಾವ ತಿರುಗಿ ಹರಿಯುತ್ತಿದೆ, ಯುವಕರು ಹೊಕ್ಕಿಯೆನ್ ಮಾತಾಡಿದರೆ ಅದರಲ್ಲಿ ಮ್ಯಾಂಡರಿನ್ ಧಾಟಿ ಕೇಳಿಸುತ್ತದೆ. ಪದದ ಕೊನೆಯ ‘ಪ್’, ‘ತ್’, ‘ಕ್’ ಮುಂತಾದ ಗಂಟುಗಳು ಸಡಿಲವಾಗುತ್ತವೆ. ಹಿರಿಯರು ನಗುತ್ತಾರೆ ಅಥವಾ ತಿದ್ದುತ್ತಾರೆ, ಮಕ್ಕಳು ಸಂಕೋಚಪಟ್ಟು ಮ್ಯಾಂಡರಿನ್‌ಗೆ ಹೊರಳುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಅಜ್ಜಂದಿರ ಕಾಲದಲ್ಲಿ ಭಾಷೆಯನ್ನು ಮನೆಯಿಂದ ಹೊರಗೆ ಬರದಂತೆ ತಡೆದದ್ದು ಕೊರಳಿನ ಫಲಕ. ಮೊಮ್ಮಕ್ಕಳ ಕಾಲದಲ್ಲಿ ಅದನ್ನು ಮನೆಯೊಳಗೂ ಮೌನವಾಗಿಸುತ್ತಿರುವುದು ಈ ಸಂಕೋಚ.

ತೈವಾನ್ ಕೈಕಟ್ಟಿ ಕೂತಿಲ್ಲ. 1989ರಲ್ಲಿ ಹೌ ಶಿಯಾವ್-ಶಿಯೆನ್ ಅವರ ‘ಎ ಸಿಟಿ ಆಫ್ ಸ್ಯಾಡ್ನೆಸ್’ ಚಿತ್ರ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆದ್ದಿತು, ಅದರಲ್ಲಿ ಜನ ಹೊಕ್ಕಿಯೆನ್ ಸೇರಿ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡುತ್ತಾರೆ. ಹಾಂಗ್‌ಕಾಂಗ್‌ನ ನಟ ಟೋನಿ ಲಿಯೂಂಗ್‌ಗೆ ಹೊಕ್ಕಿಯೆನ್ ಬಾರದ್ದರಿಂದ ಅವರ ಪಾತ್ರವನ್ನು ಮೂಗನನ್ನಾಗಿ ಮಾಡಿದರು. ತಪ್ಪು ಧಾಟಿಯ ಬದಲು ಮೌನವೇ ವಾಸಿ ಎಂದು ನಿರ್ದೇಶಕರು ಆರಿಸಿಕೊಂಡದ್ದು ಸಿನಿಮಾಕ್ಕೆ ಸರಿಹೋಯಿತು, ಬದುಕಿಗೆ ಸರಿಹೋಗುವುದಿಲ್ಲ. 2001ರಿಂದ ಪ್ರಾಥಮಿಕ ಶಾಲೆಯಲ್ಲಿ ವಾರಕ್ಕೊಂದು ಮನೆಭಾಷೆಯ ತರಗತಿ ಬಂತು. 2018ರ ಕೊನೆಯಲ್ಲಿ ರಾಷ್ಟ್ರೀಯ ಭಾಷೆಗಳ ಅಭಿವೃದ್ಧಿ ಕಾಯ್ದೆಗೆ ಒಪ್ಪಿಗೆ ಸಿಕ್ಕಿತು, ಹೊಕ್ಕಿಯೆನ್, ಹಕ್ಕಾ, ಮೂಲನಿವಾಸಿಗಳ ಭಾಷೆಗಳೆಲ್ಲ ಸಮಾನ ಎಂದಿತು. 2019ರಲ್ಲಿ ಪೂರ್ತಿ ಹೊಕ್ಕಿಯೆನ್‌ನಲ್ಲೇ ನಡೆಯುವ ಸಾರ್ವಜನಿಕ ಟೀವಿ ಚಾನೆಲ್ ಶುರುವಾಯಿತು. ವಾರಕ್ಕೊಂದು ತರಗತಿಯಿಂದ ಹಾಡು, ಪದ ಕಲಿಯಬಹುದು. ಹರಟೆ ಹೊಡೆಯಲು ಮನೆಯೇ ಬೇಕು.

ಈಗ ನಮ್ಮ ಮಾತಿಗೆ ಬರೋಣ. ಸಿಂಗಪುರದ ಶಾಲೆಗಳಲ್ಲಿ ಕನ್ನಡ ಇಲ್ಲ, ನಿಮ್ಮಲ್ಲಿ ಹಲವರು ಅಲ್ಲಿ ತಮಿಳೋ ಹಿಂದಿಯೋ ಕಲಿತವರು. ಕನ್ನಡ ಸಿಗುವುದು ಅಡುಗೆಮನೆಯಲ್ಲಿ, ಊರಿನ ವೀಡಿಯೋ ಕರೆಯಲ್ಲಿ, ಸಂಘದ ಹಬ್ಬದಲ್ಲಿ. ನಿಮ್ಮ ನಾಲಿಗೆಯೂ ತೈವಾನಿನ ಆ ಮಕ್ಕಳ ನಾಲಿಗೆ ಮಾಡಿದ್ದನ್ನೇ ಮಾಡುತ್ತದೆ. ‘ಳ’ ಬಂದಾಗ ‘ಲ’ ಕೊಡುತ್ತದೆ. ‘ಹಳ್ಳಿಗೆ ಹೋಗಿದ್ದೆ’ ಅನ್ನಲು ಹೋಗಿ ‘ಹಲ್ಲಿಗೆ ಹೋಗಿದ್ದೆ’ ಆಗುತ್ತದೆ, ಅತ್ತೆ-ಮಾವಂದಿರು, ಅಣ್ಣ-ಅಕ್ಕಂದಿರು ಗೊಳ್ಳೆಂದು ನಗುತ್ತಾರೆ. ಮುಂದಿನ ಸಲ ನೀವು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತೀರಿ.

ತೈವಾನಿನ ಕಥೆ ಹೇಳುವುದು ಇಷ್ಟೇ. ಉಚ್ಚಾರದ ಬಗ್ಗೆ ಯಾರೂ ಹೆದರಬೇಕಿಲ್ಲ, ಅದು ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ. ಜಾಂಗ್‌ಜೋದ ಅನ್ನದ ಪದ ಬೆಟ್ಟಗಳ ನಡುವೆ ಇನ್ನೂರು ವರ್ಷ ಉಳಿಯಿತು, ನಗೆಗೀಡಾದ ಧಾಟಿ ಮೊಮ್ಮಕ್ಕಳ ತಾಯ್ನುಡಿಯಾಯಿತು. ತಾನಾಗಿ ಉಳಿಯದಿರುವುದು ಭಾಷೆ ಮಾತ್ರ, ಅದಕ್ಕೆ ಮಾತಾಡುವವರು ಬೇಕು. ನಿಮ್ಮ ಕನ್ನಡದಲ್ಲಿ ಸಿಂಗಪುರದ ಛಾಯೆ ಇದ್ದರೆ ಇರಲಿ, ಬಳ್ಳಾರಿಯ ಛಾಯೆ, ಪುತ್ತೂರಿನ ಛಾಯೆ, ಹಾಸನದ ಛಾಯೆ ಇರುವ ಹಾಗೆ. ಮನೆಯ ಹಿರಿಯರಿಗೂ ಒಂದು ಮಾತು: ಮಕ್ಕಳು ತೊದಲಿದಾಗ ನಗಬೇಡಿ ಅನ್ನುವುದಿಲ್ಲ, ನಕ್ಕು ಮುಂದಿನ ಪ್ರಶ್ನೆಯನ್ನೂ ಕನ್ನಡದಲ್ಲೇ ಕೇಳಿ.

ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಅಮ್ಮನ ಕಡೆಯವರೂ ಅಪ್ಪನ ಕಡೆಯವರೂ ಬೇರೆ ಬೇರೆಯಾಗಿ ಹೇಳುವ ಐದು ಪದಗಳನ್ನು ಪಟ್ಟಿ ಮಾಡಿ. ಅವರವರ ಬಾಯಿಂದಲೇ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆ ಪದ ಯಾವ ಊರಿನದು ಅಂತ ಕೇಳಿ. ಕೇಳುವುದು ಕನ್ನಡದಲ್ಲೇ ಇರಲಿ, ‘ಳ’ ಬಂದರೂ ಸರಿ, ಬಾರದಿದ್ದರೂ ಸರಿ.